ಹೊಸ ಹಿಮ ಹತ್ತಿಯಷ್ಟು ಮೆತ್ತಗಿದ್ದರೆ ಅಪಾಯ ಎಲ್ಲಿಂದ ಬರುತ್ತದೆ?

ಮೈಸೂರಿನಲ್ಲಿ ಕೂತು ಹಿಮದ ಬಗ್ಗೆ ಬರೆಯುವುದೇ ಎಂದು ನಗಬೇಡಿ. ಜನವರಿ ಬಂತೆಂದರೆ ನಮ್ಮೂರಿನ ಗೆಳೆಯರ ಗುಂಪುಗಳೂ ಗುಲ್ಮಾರ್ಗ್‌ಗೆ ಸ್ಕೀ ಕಲಿಯಲು ಹೊರಡುತ್ತವೆ. ನಾಲ್ಕು ದಿನ ಕಲಿತವರಿಗೆ ಐದನೆಯ ದಿನ ಒಂದು ಆಸೆ ಹುಟ್ಟುತ್ತದೆ: ಜನರಿಲ್ಲದ ಇಳಿಜಾರಿನಲ್ಲಿ, ರಾತ್ರಿ ಬಿದ್ದ ಹೊಸ ಹಿಮದ ಮೇಲೆ ಜಾರಬೇಕು. ಇಂಥ ಪುಡಿ ಹಿಮವನ್ನು ಸ್ಕೀ ಮಾಡುವವರು 'ಪೌಡರ್' ಎನ್ನುತ್ತಾರೆ. ಯಂತ್ರದಿಂದ ಹದಮಾಡಿದ, ಕಾವಲಿರುವ ಹಾದಿ ಬಿಟ್ಟು ಹೀಗೆ ಬೆಟ್ಟದ ಮೈಗೆ ಇಳಿಯುವುದೇ ಬ್ಯಾಕ್‌ಕಂಟ್ರಿ ಸ್ಕೀಯಿಂಗ್. ಗುಲ್ಮಾರ್ಗ್‌ನ ಗೊಂಡೋಲಾ ಅಫರ್ವಟ್ ಬೆಟ್ಟದಲ್ಲಿ ಸುಮಾರು 3,900 ಮೀಟರ್ ಎತ್ತರಕ್ಕೆ ತಂದುಬಿಡುತ್ತದೆ. ಅಲ್ಲಿಂದ ಆಚೆಗೆ ಹೋಗಲು ಕೆಲವು ಹೆಜ್ಜೆ ಸಾಕು.

ಮೊಣಕಾಲುದ್ದದ ಪೌಡರ್‌ನಲ್ಲಿ ಬಿದ್ದರೆ ನೋವಾಗುವುದು ಕಡಿಮೆ, ಇದು ನಿಜ. ಆಗತಾನೇ ಬಿದ್ದ ಒಣ ಹಿಮದಲ್ಲಿ ಹೆಚ್ಚಿನ ಭಾಗ ಗಾಳಿಯೇ. ಒಂದು ಘನ ಮೀಟರ್ ನೀರು 1,000 ಕೆಜಿ ತೂಗಿದರೆ, ಇಂಥ ಹಿಮ 50ರಿಂದ 100 ಕೆಜಿ ತೂಗುತ್ತದೆ. ಮೆತ್ತಗಿದೆ, ಹಾಗಾಗಿ ಅಪಾಯವಿಲ್ಲ ಎಂಬ ನಂಬಿಕೆ ಹುಟ್ಟುವುದು ಇಲ್ಲಿಂದಲೇ.

ಪದದಲ್ಲೇ ಒಂದು ಗೊಂದಲ

ನಮ್ಮ ಪತ್ರಿಕೆಗಳಲ್ಲಿ 'ಹಿಮಪಾತ' ಎಂದರೆ ಆಕಾಶದಿಂದ ಹಿಮ ಬೀಳುವುದೂ ಹೌದು, ಬೆಟ್ಟದಿಂದ ಹಿಮದ ರಾಶಿ ಕುಸಿದು ಬರುವುದೂ ಹೌದು. ಮೊದಲನೆಯದು ನೋಡಲು ಚಂದ, ಎರಡನೆಯದು ಪ್ರಾಣ ತೆಗೆಯುತ್ತದೆ. ಎರಡನೆಯದನ್ನು ನಾವು ಇಲ್ಲಿ ಹಿಮಕುಸಿತ ಎನ್ನುತ್ತೇವೆ.

ಹಿಮಕುಸಿತ ಹೇಗಾಗುತ್ತದೆಂದು ಅಡುಗೆಮನೆಯಲ್ಲೇ ನೋಡಬಹುದು. ಒಂದು ತಟ್ಟೆಯಲ್ಲಿ ತೆಳ್ಳಗೆ ಸಕ್ಕರೆ ಹರಡಿ, ಅದರ ಮೇಲೊಂದು ಹೋಳಿಗೆ ಇಟ್ಟು ನಿಧಾನಕ್ಕೆ ತಟ್ಟೆ ಓರೆ ಮಾಡಿ. ಸ್ವಲ್ಪ ಹೊತ್ತು ಏನೂ ಆಗುವುದಿಲ್ಲ. ಆಮೇಲೆ ಹೋಳಿಗೆ ಇಡಿಯಾಗಿ ಒಮ್ಮೆಲೇ ಜಾರುತ್ತದೆ. ಬೆಟ್ಟದಲ್ಲೂ ಹೀಗೆಯೇ. ಹಿಮ ಚಳಿಗಾಲವಿಡೀ ಪದರ ಪದರವಾಗಿ ಕೂಡಿಕೊಳ್ಳುತ್ತದೆ. ಕೆಲವು ಪದರಗಳ ಕಣಗಳು ಸಕ್ಕರೆ ಹರಳಿನಂತಾಗಿ ಒಂದಕ್ಕೊಂದು ಅಂಟದೆ ಉಳಿಯುತ್ತವೆ. ಅದರ ಮೇಲೆ ಹೊಸ ಹಿಮ ಬಿದ್ದು, ಗಾಳಿ ಅದನ್ನು ಒತ್ತಿ ಹಾಸುಗಲ್ಲಿನಂತೆ ಮಾಡಿದರೆ ಹೋಳಿಗೆ ಸಿದ್ಧವಾದಂತೆ. ಇಳಿಜಾರು 30ರಿಂದ 45 ಡಿಗ್ರಿ ಇದ್ದರೆ ಒಬ್ಬ ಮನುಷ್ಯನ ಭಾರವೇ ಸಾಕು. ಸ್ಕೀ ಮಾಡಲು ಮಜಾ ಕೊಡುವ ಇಳಿಜಾರೂ ಹೆಚ್ಚುಕಡಿಮೆ ಅದೇ.

50 ಮೀಟರ್ ಉದ್ದ, 50 ಮೀಟರ್ ಅಗಲ, ಅರ್ಧ ಮೀಟರ್ ದಪ್ಪದ ಒಂದು ಹಾಸು ಬಿಟ್ಟುಕೊಂಡಿತು ಎನ್ನೋಣ. ಘನ ಮೀಟರಿಗೆ 200 ಕೆಜಿಯಂತೆ ಅದರ ತೂಕ 250 ಟನ್. ದಸರಾ ಅಂಬಾರಿ ಹೊರುವ ಆನೆ ಸುಮಾರು 5 ಟನ್ ಎಂದುಕೊಂಡರೆ, ಅಂಥ ಐವತ್ತು ಆನೆಗಳ ತೂಕ. ಇದು ದೊಡ್ಡ ಹಿಮಕುಸಿತವೂ ಅಲ್ಲ.

ಜಾರುವಾಗ ಹಿಮದ ಕಣಗಳು ಉಜ್ಜಿ ಪುಡಿಯಾಗುತ್ತವೆ, ನಿಂತ ಕೂಡಲೇ ಒಂದಕ್ಕೊಂದು ಬೆಸೆದುಕೊಳ್ಳುತ್ತವೆ. ಹತ್ತಿಯಂತಿದ್ದದ್ದು ಕಾಂಕ್ರೀಟಿನಂತೆ ಗಟ್ಟಿಯಾಗುತ್ತದೆ. ಹೂತುಹೋದವರು ಉಗುಳಿದರೆ ಎಂಜಲು ಯಾವ ಕಡೆ ಇಳಿಯುತ್ತದೋ ಅದು ಕೆಳಗು, ಆಗ ಮೇಲಕ್ಕೆ ಅಗೆದುಕೊಂಡು ಬರಬಹುದು ಎಂಬ ಸಲಹೆ ಓಡಾಡುತ್ತಿರುತ್ತದೆ. ಮೇಲು ಯಾವುದು ಎಂದು ಗೊತ್ತಾದರೂ ಬೆರಳು ಅಲ್ಲಾಡಿಸಲಾಗದಿದ್ದರೆ ಏನು ಮಾಡುವುದು?

ಕೂಗಿದರೆ ಹಿಮ ಕುಸಿಯುತ್ತದೆಯೇ?

ಇಲ್ಲ. ಇದು ಸಿನಿಮಾ ಕೊಟ್ಟ ನಂಬಿಕೆ. ಮನುಷ್ಯನ ಕೂಗಿನ ಒತ್ತಡ ಹಿಮದ ಪದರವನ್ನು ಮುರಿಯಲು ಏನೇನೂ ಸಾಲದು. ಜೀವ ತೆಗೆಯುವ ಹಿಮಕುಸಿತಗಳಲ್ಲಿ ಹತ್ತರಲ್ಲಿ ಸುಮಾರು ಒಂಬತ್ತನ್ನು ಸಿಕ್ಕಿಕೊಂಡವರೇ ಅಥವಾ ಅವರ ಗುಂಪಿನವರೇ ತಮ್ಮ ಭಾರದಿಂದ ಎಬ್ಬಿಸಿರುತ್ತಾರೆ. ಹಿಮ ಬಿದ್ದ ನಂತರದ ಒಂದೆರಡು ದಿನ ಈ ಅಪಾಯ ಹೆಚ್ಚು. ಪೌಡರ್ ಅತ್ಯಂತ ಚೆನ್ನಾಗಿರುವುದೂ ಆ ದಿನಗಳಲ್ಲೇ, ತೊಡಕಿರುವುದು ಇಲ್ಲಿ. ಅಫರ್ವಟ್‌ನಲ್ಲಿ 2023ರ ಫೆಬ್ರುವರಿ 1ರಂದು ಪೋಲೆಂಡಿನ ಇಬ್ಬರು, 2024ರ ಫೆಬ್ರುವರಿ 22ರಂದು ರಷ್ಯಾದ ಒಬ್ಬರು ಹೀಗೆ ಸತ್ತರು.

ಹನುಮಂತಪ್ಪ ಆರು ದಿನ ಬದುಕಿರಲಿಲ್ಲವೇ?

ಹಿಮಕುಸಿತ ಎಂದರೆ ಕನ್ನಡಿಗರಿಗೆ ಮೊದಲು ನೆನಪಾಗುವುದು ಸಿಯಾಚಿನ್. 2016ರ ಫೆಬ್ರುವರಿ 3ರಂದು 19,600 ಅಡಿ ಎತ್ತರದಲ್ಲಿ ಮದ್ರಾಸ್ ರೆಜಿಮೆಂಟಿನ ಹತ್ತು ಯೋಧರು ಹಿಮದಡಿ ಸಿಲುಕಿದರು. ಅವರಲ್ಲಿ ಹಾಸನ ಜಿಲ್ಲೆಯ ತೇಜೂರಿನ ಸುಬೇದಾರ್ ಟಿ.ಟಿ. ನಾಗೇಶ್, ನಮ್ಮದೇ ಜಿಲ್ಲೆಯ ಎಚ್.ಡಿ. ಕೋಟೆಯ ಸಿಪಾಯಿ ಪಿ.ಎನ್. ಮಹೇಶ್ ಇದ್ದರು. ಧಾರವಾಡ ಜಿಲ್ಲೆ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಒಬ್ಬರೇ ಆರನೆಯ ದಿನ ಜೀವಂತವಾಗಿ ಸಿಕ್ಕರು. ಫೆಬ್ರುವರಿ 11ರಂದು ದೆಹಲಿಯ ಸೇನಾ ಆಸ್ಪತ್ರೆಯಲ್ಲಿ ತೀರಿಕೊಂಡರು.

ಆಗ ನಾಡಿಗೆ ನಾಡೇ ಪ್ರಾರ್ಥಿಸಿತ್ತು. ಆದರೆ ಆ ನೆನಪಿನಿಂದ, ಹಿಮದಡಿ ಹೋದವರು ದಿನಗಟ್ಟಲೆ ಬದುಕಬಲ್ಲರು ಎಂಬ ಅಭಿಪ್ರಾಯವೂ ಉಳಿದುಕೊಂಡಿದೆ. ಹನುಮಂತಪ್ಪನವರು ಡೇರೆಯೊಳಗಿದ್ದರು, ಅವರ ಸುತ್ತ ಗಾಳಿಗೆ ಜಾಗ ಉಳಿದಿತ್ತು. ಸ್ಕೀ ಮಾಡುವವರಿಗೆ ಡೇರೆ ಇರುವುದಿಲ್ಲ. ಅವರಲ್ಲಿ ಹೆಚ್ಚಿನವರನ್ನು ಕೊಲ್ಲುವುದು ಚಳಿಯಲ್ಲ, ಉಸಿರುಗಟ್ಟುವಿಕೆ. ಸ್ವಿಟ್ಜರ್ಲೆಂಡಿನ ನಲವತ್ತು ವರ್ಷಗಳ ದಾಖಲೆ ನೋಡಿ 2024ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, 10 ನಿಮಿಷದೊಳಗೆ ಹೊರತೆಗೆದರೆ ನೂರಕ್ಕೆ 90ಕ್ಕೂ ಹೆಚ್ಚು ಮಂದಿ ಬದುಕುತ್ತಾರೆ. 30 ನಿಮಿಷವಾದರೆ 31 ಮಂದಿ.

ಹತ್ತು ನಿಮಿಷದಲ್ಲಿ ಯಾವ ಸೇನೆಯೂ, ಹೆಲಿಕಾಪ್ಟರೂ ಬರುವುದಿಲ್ಲ. ಅಷ್ಟರಲ್ಲಿ ಅಲ್ಲಿರುವುದು ಜೊತೆಗೆ ಬಂದ ಗೆಳೆಯರು ಮಾತ್ರ.

ಆ ದಿನ ಏನು ಮಾಡಬೇಕು?

ಬೆಳಿಗ್ಗೆ ಮೊದಲು ಹಿಮಕುಸಿತದ ಮುನ್ಸೂಚನೆ ನೋಡಬೇಕು. ಡಿಆರ್‌ಡಿಓ ಅಡಿಯ ಡಿಜಿಆರ್‌ಇ ಸಂಸ್ಥೆ ಹಿಮಾಲಯದ ಪ್ರದೇಶಗಳಿಗೆ ಇದನ್ನು ಕೊಡುತ್ತದೆ. ಹತ್ತಿರದಲ್ಲಿ ಹೊಸ ಕುಸಿತದ ಗುರುತು ಕಂಡರೆ, ಕಾಲ ಕೆಳಗೆ ಹಿಮ 'ಧುಮ್' ಎಂದು ತಗ್ಗಿದರೆ, ಬಿರುಕು ಓಡಿದರೆ ಅಂದಿಗೆ ಕಡಿದಾದ ಇಳಿಜಾರು ಬೇಡ. ಸ್ಥಳೀಯ ಗೈಡ್ ಬೇಡ ಎಂದರೆ ವಾದಿಸಬೇಡಿ. ಅಷ್ಟು ದೂರದಿಂದ ದುಡ್ಡು ಖರ್ಚು ಮಾಡಿ ಬಂದಿದ್ದೇವೆ ಎಂಬುದು ಹಿಮಕ್ಕೆ ತಿಳಿಯುವುದಿಲ್ಲ.

ಪ್ರತಿಯೊಬ್ಬರ ಬಳಿಯೂ ಮೂರು ವಸ್ತು ಇರಬೇಕು: 457 ಕಿಲೋಹರ್ಟ್ಸ್‌ನಲ್ಲಿ ಸಂಕೇತ ಕಳಿಸುವ, ಹುಡುಕುವ ಬೀಕನ್, ಹಿಮಕ್ಕೆ ಚುಚ್ಚಿ ನೋಡುವ ಉದ್ದನೆಯ ಕೋಲು, ಲೋಹದ ಸಲಿಕೆ. ಗುಂಪಿನಲ್ಲಿ ಒಬ್ಬರ ಬಳಿ ಇದ್ದರೆ ಸಾಕು ಎನ್ನುವಂತಿಲ್ಲ, ಹೂತುಹೋಗುವವರು ಅವರೇ ಆಗಿರಬಹುದು. ಇಳಿಯುವಾಗ ಒಬ್ಬೊಬ್ಬರಾಗಿ ಇಳಿಯಬೇಕು, ಉಳಿದವರು ಸುರಕ್ಷಿತ ಜಾಗದಲ್ಲಿ ನಿಂತು ಕಣ್ಣಿಟ್ಟಿರಬೇಕು. ರೀಲ್ಸ್‌ಗಾಗಿ ಐವರೂ ಒಟ್ಟಿಗೆ ಇಳಿದರೆ ಅಗೆಯಲು ಯಾರೂ ಉಳಿಯದೆ ಹೋಗಬಹುದು.

ಯಾರಾದರೂ ಹೂತುಹೋದರೆ ಕೊನೆಯದಾಗಿ ಕಂಡ ಜಾಗ ಗುರುತಿಟ್ಟುಕೊಂಡು, ಉಳಿದವರೆಲ್ಲ ತಮ್ಮ ಬೀಕನ್ ಅನ್ನು ಹುಡುಕುವ ಸ್ಥಿತಿಗೆ ತಿರುಗಿಸಬೇಕು. ಒಬ್ಬರು ಮರೆತರೂ ಅವರ ಸಂಕೇತವೇ ಹುಡುಕುವವರ ದಾರಿ ತಪ್ಪಿಸುತ್ತದೆ. ಕೋಲಿಗೆ ದೇಹ ತಗುಲಿದರೆ ಅದನ್ನು ಅಲ್ಲೇ ಬಿಟ್ಟು, ಇಳಿಜಾರಿನ ಕೆಳಬದಿಯಿಂದ ಅಡ್ಡಕ್ಕೆ ಅಗೆಯಬೇಕು. ಮೇಲಿನಿಂದ ಬಾವಿ ತೋಡಿದಂತೆ ಅಗೆದರೆ ಹಿಮ ಎತ್ತಿ ಹಾಕುವುದಕ್ಕೇ ಸಮಯ ಹೋಗುತ್ತದೆ. ಮುಖ ಸಿಕ್ಕ ಕೂಡಲೇ ಮೂಗು, ಬಾಯಿಯ ಹಿಮ ತೆಗೆಯಬೇಕು.

ಬೀಕನ್ ಹುಡುಕಾಟ ಕಲಿಯಲು ಹಿಮ ಬೇಕಿಲ್ಲ. ಎರಡು ಬೀಕನ್ ಬಾಡಿಗೆಗೆ ಸಿಕ್ಕರೆ ಹೊರಡುವ ಮೊದಲು ಮೈಸೂರಿನದೇ ಯಾವುದಾದರೂ ಮೈದಾನದಲ್ಲಿ ಒಂದನ್ನು ತರಗೆಲೆಯಡಿ ಬಚ್ಚಿಟ್ಟು, ಗಡಿಯಾರ ನೋಡಿಕೊಂಡು ಹುಡುಕಿ. ಫೋನನ್ನು ಮಾತ್ರ ದೂರವಿಡಿ, ಹತ್ತಿರವಿದ್ದರೆ ಬೀಕನ್ ತಪ್ಪು ದಿಕ್ಕು ತೋರಿಸಬಹುದು.