ಮದುವೆ ಗೌನ್‌ಗೆ ಬಟ್ಟೆ ಆರಿಸುವುದು: ಬೂಟಿಕ್ ನಡೆಸುವವರು ತಿಳಿದಿರಬೇಕಾದದ್ದು

ಮಂಜೇಶ್ವರ, ಉಪ್ಪಳ, ಕುಂಬಳೆ, ಕಾಸರಗೋಡು ಪೇಟೆಗಳಲ್ಲಿ ಮದುವೆ ಗೌನ್ ಹೊಲಿದು ಕೊಡುವ ಬೂಟಿಕ್‌ಗಳು ಈಗ ಹೊಸ ವಿಷಯವೇನಲ್ಲ. ಮನೆಯ ಒಂದು ಕೋಣೆಯಲ್ಲಿ ಎರಡು ಮೆಷಿನ್ ಇಟ್ಟು ಶುರು ಮಾಡುವ ಹೆಣ್ಮಕ್ಕಳೂ ಇದ್ದಾರೆ. ಹೊಲಿಗೆ, ಡಿಸೈನ್ ಕಲಿಯಲು ದಾರಿ ಬೇಕಾದಷ್ಟಿದೆ. ಆದರೆ ಸಣ್ಣ ಬೂಟಿಕ್‌ನ ಬಂಡವಾಳ ಮುಳುಗುವುದು ಹೆಚ್ಚಾಗಿ ಹೊಲಿಗೆಯಲ್ಲಿ ಅಲ್ಲ, ಬಟ್ಟೆ ಖರೀದಿಯಲ್ಲಿ. ಸ್ಯಾಂಪಲ್ ಕಾರ್ಡಿನಲ್ಲಿ ಚಂದ ಕಂಡ ಬಟ್ಟೆ ಮದುಮಗಳ ಮೈಮೇಲೆ ಐದಾರು ಗಂಟೆ ಚಂದ ಇರುತ್ತದೆ ಎಂದೇನಿಲ್ಲ.

ಮೊದಲ ಗೊಂದಲ ಹೆಸರಿನದ್ದು. ಸ್ಯಾಟಿನ್, ಜಾರ್ಜೆಟ್, ಆರ್ಗನ್ಝಾ, ಕ್ರೇಪ್ ಎನ್ನುವುದೆಲ್ಲ ನೇಯ್ಗೆಯ ಅಥವಾ ಬಟ್ಟೆಯ ಬಗೆಯ ಹೆಸರು, ನೂಲಿನ ಹೆಸರಲ್ಲ. ಅದೇ ಸ್ಯಾಟಿನ್ ರೇಷ್ಮೆಯದ್ದೂ ಇರಬಹುದು, ಪಾಲಿಯೆಸ್ಟರ್‌ನದ್ದೂ ಇರಬಹುದು. (14ನೇ ಶತಮಾನದಲ್ಲಿ ಮಂಗಳೂರಿಗೂ ಬಂದುಹೋಗಿದ್ದ ಇಬ್ನ್ ಬತೂತ, ಚೀನಾದ ಝೈತೂನ್ ಬಂದರಿನ, ಅಂದರೆ ಇಂದಿನ ಕ್ವಾನ್‌ಝೌನ ಬಟ್ಟೆಗಳ ಬಗ್ಗೆ ಬರೆದಿದ್ದಾನೆ. ಸ್ಯಾಟಿನ್ ಎಂಬ ಹೆಸರು ಆ ಊರಿನಿಂದಲೇ ಬಂತೆಂದು ಹೇಳುವುದುಂಟು.) ಪೇಟೆಯಲ್ಲಿ 'ರಾ ಸಿಲ್ಕ್' ಎಂದು ಮಾರುವ ಎಷ್ಟೋ ಬಟ್ಟೆಯಲ್ಲಿ ರೇಷ್ಮೆಯ ಒಂದು ಎಳೆಯೂ ಇರುವುದಿಲ್ಲ. ಪಾಲಿಯೆಸ್ಟರ್ ಕೆಟ್ಟದ್ದೆಂದು ಇದರ ಅರ್ಥವಲ್ಲ, ಅದಕ್ಕೆ ರೇಷ್ಮೆಯ ರೇಟ್ ಕೊಡಬಾರದು ಅಷ್ಟೇ.

ನಮ್ಮ ಕರಾವಳಿಯ ಸೆಕೆಯಲ್ಲಿ ನೂಲು ಯಾವುದು ಎಂಬುದು ದೊಡ್ಡ ಪ್ರಶ್ನೆ. ಸಾಧಾರಣ ತೇವಾಂಶವಿರುವ ಗಾಳಿಯಲ್ಲಿ 100 ಗ್ರಾಂ ಒಣ ರೇಷ್ಮೆ ಸುಮಾರು 11 ಗ್ರಾಂ ತೇವ ಹೀರಿಕೊಳ್ಳುತ್ತದೆ, ಹತ್ತಿ ಸುಮಾರು 8 ಗ್ರಾಂ. ಪಾಲಿಯೆಸ್ಟರ್ ಅರ್ಧ ಗ್ರಾಂ ಕೂಡ ಹೀರುವುದಿಲ್ಲ. ಎಪ್ರಿಲ್-ಮೇ ತಿಂಗಳಲ್ಲಿ, ಎಸಿ ಇಲ್ಲದ ಹಾಲ್‌ನಲ್ಲಿ, ಸ್ಟೇಜ್ ಲೈಟಿನ ಎದುರು ಕೂರುವ ಮದುಮಗಳಿಗೆ ಈ ವ್ಯತ್ಯಾಸ ಚೆನ್ನಾಗಿ ಗೊತ್ತಾಗುತ್ತದೆ.

ಅಂಗಡಿಯವರ ಮಾತು ನಂಬಬೇಕೋ ಬೇಡವೋ ಎಂದು ತಿಳಿಯಲು ಹಳೆಯ ಉಪಾಯ ಸುಟ್ಟು ನೋಡುವುದು. ಹಾಸಿನಿಂದ ನಾಲ್ಕು ಎಳೆ, ಹೊಕ್ಕಿನಿಂದ ನಾಲ್ಕು ಎಳೆ ಬೇರೆ ಬೇರೆ ತೆಗೆದು, ಚಿಮಟದಲ್ಲಿ ಹಿಡಿದು ಬೆಂಕಿ ತಾಗಿಸಿ. ರೇಷ್ಮೆಯಾದರೆ ಕೂದಲು ಸುಟ್ಟ ವಾಸನೆ, ಬೆರಳಲ್ಲಿ ಪುಡಿಯಾಗುವ ಬೂದಿ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ಹತ್ತಿ, ವಿಸ್ಕೋಸ್ ಕಾಗದದ ಹಾಗೆ ಉರಿಯುತ್ತವೆ. ಮಿಶ್ರ ನೂಲಾದರೆ ಈ ಪರೀಕ್ಷೆ ಪೂರ್ತಿ ಉತ್ತರ ಕೊಡುವುದಿಲ್ಲ. ಶುದ್ಧ ರೇಷ್ಮೆಯೇ ಬೇಕೆಂದು ಗಿರಾಕಿ ಹಣ ಕೊಡುತ್ತಿದ್ದರೆ 'ಸಿಲ್ಕ್ ಮಾರ್ಕ್' ಲೇಬಲ್ ಇರುವ ಬಟ್ಟೆಯನ್ನೇ ಕೇಳಬೇಕು.

ಪ್ರತಿಯೊಂದು ಬಟ್ಟೆಗೂ ಒಂದು ಸ್ವಭಾವ ಇದೆ. ಸ್ಯಾಟಿನ್‌ನಲ್ಲಿ ಎಳೆಗಳು ಮೇಲೆ ತೇಲಿಕೊಂಡಿರುವುದರಿಂದಲೇ ಹೊಳಪು, ಅದರಿಂದಲೇ ಉಂಗುರ-ಬಳೆ ಸಿಕ್ಕಿ ಎಳೆ ಬರುವುದೂ. ಒಮ್ಮೆ ಪಿನ್ ಹಾಕಿದ ತೂತು ಹೋಗುವುದಿಲ್ಲ, ಹೊಲಿಗೆ ಬಿಚ್ಚಿದರೆ ಗುರುತು ಉಳಿಯುತ್ತದೆ. ಜಾರ್ಜೆಟ್ ಚೆನ್ನಾಗಿ ಇಳಿಬೀಳುತ್ತದೆ, ಕೈ ಕೆಲಸದ ಭಾರವನ್ನು ಶಿಫಾನ್‌ಗಿಂತ ಚೆನ್ನಾಗಿ ತಡೆಯುತ್ತದೆ. ಆರ್ಗನ್ಝಾ ಗಾಳಿ ತುಂಬಿದ ಹಾಗೆ ನಿಲ್ಲುತ್ತದೆ, ಆದರೆ ಕುತ್ತಿಗೆ, ಕಂಕುಳ ಹತ್ತಿರ ಚುಚ್ಚುತ್ತದೆ, ಅಲ್ಲಿ ಪೈಪಿಂಗ್ ಬೇಕೇ ಬೇಕು. ವೆಲ್ವೆಟ್ ಕತ್ತರಿಸುವಾಗ ಎಲ್ಲ ತುಂಡುಗಳ ರೋಮ ಒಂದೇ ದಿಕ್ಕಿಗೆ ಇರಬೇಕು, ಇಲ್ಲದಿದ್ದರೆ ಒಂದೇ ಗೌನ್‌ನಲ್ಲಿ ಎರಡು ಬಣ್ಣ ಕಂಡೀತು. ಸೆಕೆಗಾಲದ ಮದುವೆಗೆ ವೆಲ್ವೆಟ್ ಬೇಡವೆಂದು ಗಿರಾಕಿಗೆ ಹೇಳುವುದೇ ಒಳ್ಳೆಯದು.

ಗೌನ್‌ನ ನಿಜವಾದ ಸುಖ ಮಾತ್ರ ಒಳಗಿನ ಅಸ್ತರಿನಲ್ಲಿದೆ. ಮೇಲಿನ ಬಟ್ಟೆಗೆ ಸಾವಿರಗಟ್ಟಲೆ ಸುರಿದು ಅಸ್ತರಿಗೆ ಅತಿ ಅಗ್ಗದ ಪಾಲಿಯೆಸ್ಟರ್ ಹಾಕುವುದನ್ನು ನೋಡಿದರೆ ಬೇಸರವಾಗುತ್ತದೆ. ಮೈಗೆ ತಾಗುವ ಪದರ ಹತ್ತಿ ಅಥವಾ ವಿಸ್ಕೋಸ್ ಇರಲಿ. ಕ್ಯಾನ್‌ಕ್ಯಾನ್ ನೆಟ್‌ನ ಅಡಿಯಲ್ಲಿ ಇನ್ನೊಂದು ಪದರ ಇಲ್ಲದಿದ್ದರೆ ಕಾಲು ಗೀರಿ ಕೆಂಪಾಗುತ್ತದೆ. ಗೌನ್ ಚಂದ ಇತ್ತೆಂದು ನೆಂಟರು ಹೇಳಬಹುದು, ಚುಚ್ಚುತ್ತಿತ್ತೆಂದು ಮದುಮಗಳು ತನ್ನ ಗೆಳತಿಯರಿಗೆ ಹೇಳುತ್ತಾಳೆ. ಮುಂದಿನ ಆರ್ಡರ್ ಬರಬೇಕಾದದ್ದು ಆ ಗೆಳತಿಯರಿಂದಲೇ.

ಇನ್ನು ಪನ್ನಾ, ಅಂದರೆ ಬಟ್ಟೆಯ ಅಗಲ. ಮೀಟರ್ ರೇಟ್ ಮಾತ್ರ ನೋಡಿ ಮೋಸ ಹೋಗುವುದು ಇಲ್ಲಿ. ಒಂದು ಲೆಕ್ಕ ನೋಡಿ: ಸೊಂಟ 28 ಇಂಚು, ಸೊಂಟದಿಂದ ಕೆಳಗೆ 42 ಇಂಚು ಉದ್ದ, ಪೂರ್ತಿ ಸುತ್ತಿನ ಅಂಬ್ರೆಲಾ ಕಟ್. ಸೊಂಟದ ವೃತ್ತದ ತ್ರಿಜ್ಯ ಸುಮಾರು 4.5 ಇಂಚು, ಉದ್ದ ಸೇರಿಸಿದರೆ 46.5 ಇಂಚು. 58 ಇಂಚು ಪನ್ನಾ ಇದ್ದರೆ ಎರಡು ಅರ್ಧ ವೃತ್ತ ಕತ್ತರಿಸಲು 186 ಇಂಚು, ಅಂದರೆ 4.75 ಮೀಟರ್ ಸಾಕು. ಮಡಿಕೆಗೆಲ್ಲ ಸೇರಿ 5 ಮೀಟರ್ ಹಿಡಿಯಿರಿ. ಅದೇ 44 ಇಂಚು ಪನ್ನಾ ಆದರೆ ಎರಡೂವರೆ ಇಂಚು ಕಡಿಮೆ ಬಿತ್ತು. ಜೋಡಿಸಬೇಕು ಅಥವಾ ಕಳಿ ಮಾಡಿ ಕತ್ತರಿಸಬೇಕು. ಕೆಳಗಿನ ಸುತ್ತು ಸುಮಾರು 7.5 ಮೀಟರ್ ಬರುತ್ತದೆ, ಬಾರ್ಡರ್ ಲೇಸ್ ಅಷ್ಟೂ ಬೇಕು. ಇದು ಹೇಳದೆ ರೇಟ್ ಒಪ್ಪಿಕೊಂಡರೆ ಲೇಸಿನ ಹಣ ಕೈಯಿಂದ ಹೋಗುತ್ತದೆ.

ಭಾರದ ಲೆಕ್ಕವೂ ಹೀಗೆಯೇ. ಆ 5 ಮೀಟರ್ ಬಟ್ಟೆ 60 ಜಿಎಸ್‌ಎಂ ಇದ್ದರೆ 440 ಗ್ರಾಂ, 200 ಜಿಎಸ್‌ಎಂ ಇದ್ದರೆ ಒಂದೂವರೆ ಕಿಲೋ ಹತ್ತಿರ. ಅಸ್ತರ್, ನೆಟ್, ಕಲ್ಲು-ಮಣಿ ಕೆಲಸ ಎಲ್ಲ ಅದರ ಮೇಲೆ. ಜಿಎಸ್‌ಎಂ ಗೊತ್ತಿಲ್ಲದಿದ್ದರೆ 10 ಸೆಂಟಿಮೀಟರ್ ಚೌಕದ ತುಂಡು ಕತ್ತರಿಸಿ ಚಿನ್ನ ತೂಗುವ ತಕ್ಕಡಿಯಲ್ಲಿ ತೂಗಿಸಿ, ಬಂದ ಗ್ರಾಂ ಅನ್ನು 100ರಿಂದ ಗುಣಿಸಿದರೆ ಆಯಿತು.

ಕೊಂಕಣ ರೈಲಿನಲ್ಲಿ ಕಾಸರಗೋಡಿನಿಂದ ನೇರ ಸೂರತ್‌ಗೆ ಹೋಗಿ ಬರಬಹುದು, ಅಲ್ಲಿ ರೇಟ್ ಕಡಿಮೆ ಎಂಬುದೂ ನಿಜ. ಆದರೆ ಥಾನ್ ಲೆಕ್ಕದಲ್ಲಿ ಕೊಳ್ಳುವ ಮುಂಚೆ ಯೋಚಿಸಿ. 50 ಮೀಟರ್ ಥಾನ್‌ನಿಂದ 10 ಗೌನ್ ಬರುತ್ತದೆ. ಒಂದೇ ಪೇಟೆಯ 10 ಮದುಮಗಳಂದಿರು ಒಂದೇ ಪೀಚ್ ಬಣ್ಣ ಹಾಕುತ್ತಾರೆಯೇ? ಥಾನ್ ಆಗಿ ಕೊಳ್ಳಬೇಕಾದದ್ದು ಅಸ್ತರ್, ಕ್ಯಾನ್‌ಕ್ಯಾನ್, ಆಫ್‌ವೈಟ್ ಜಾರ್ಜೆಟ್‌ನಂಥವು. ಬಣ್ಣದ್ದು, ಹೂವಿನದ್ದು ಆರ್ಡರ್ ಬಂದ ಮೇಲೆ ಮಂಗಳೂರಿನಿಂದಲೋ ಕೋಝಿಕ್ಕೋಡಿನಿಂದಲೋ ಮೀಟರ್ ಲೆಕ್ಕದಲ್ಲಿ ತಂದರೆ ಸ್ವಲ್ಪ ಜಾಸ್ತಿ ಕೊಟ್ಟರೂ ಹಣ ಕೊಳೆಯುವುದಿಲ್ಲ. ಬಿಳಿ ರೇಷ್ಮೆ, ವಿಸ್ಕೋಸ್ ಜಾರ್ಜೆಟ್‌ಗೆ ಬೇಕಾದ ಬಣ್ಣ ಹಾಕಿಸಬಹುದು. ಪಾಲಿಯೆಸ್ಟರ್‌ಗೆ ಸಾಮಾನ್ಯ ಕುದಿಸುವ ಪಾತ್ರೆಯಲ್ಲಿ ಬಣ್ಣ ಸರಿಯಾಗಿ ಹಿಡಿಯುವುದಿಲ್ಲ. ವಿಸ್ಕೋಸ್ ಕುಗ್ಗುತ್ತದೆ, ಆದ್ದರಿಂದ ಬಣ್ಣ ಮೊದಲು, ಕತ್ತರಿ ಆಮೇಲೆ.

ನಮ್ಮ ಮದುವೆಗಳಲ್ಲಿ ಪಾರದರ್ಶಕತೆಯ ವಿಷಯ ಆರ್ಡರ್ ದಿನವೇ ಇತ್ಯರ್ಥವಾಗಬೇಕು. ನೆಟ್ ತೋಳಿಗೆ ಮೈಬಣ್ಣದ ಅಸ್ತರ್ ಹಾಕಿದರೆ ಕೈ ಬರಿದಾಗಿರುವಂತೆ ಕಾಣುತ್ತದೆ, ಎಷ್ಟೋ ಮನೆಗಳಲ್ಲಿ ಅದು ಆಗುವುದಿಲ್ಲ. ಟ್ರಯಲ್‌ಗೆ ಬಂದ ಉಮ್ಮ ಅಸಮಾಧಾನ ಹೇಳುವ ಹೊತ್ತಿಗೆ ತೋಳು ಹೊಲಿದಾಗಿರುತ್ತದೆ. ಬಟ್ಟೆಯ ಹಿಂದೆ ಮೊಬೈಲ್ ಟಾರ್ಚ್ ಹಿಡಿದು ಉಮ್ಮ, ಮಗಳು ಇಬ್ಬರಿಗೂ ಮೊದಲೇ ತೋರಿಸಿ. ಸ್ಟೇಜ್‌ನಲ್ಲಿ ಹಿಂದಿನಿಂದಲೂ ಲೈಟ್ ಇರುತ್ತದೆ. ಹಿಜಾಬ್‌ಗೆ ಗೌನ್‌ನ ಸ್ಯಾಟಿನ್ ಬಟ್ಟೆಯನ್ನೇ ಕೊಡಬೇಡಿ, ಅದು ಜಾರುತ್ತದೆ. ಅದೇ ಬಣ್ಣದ ಜಾರ್ಜೆಟ್, ಒಳಗೆ ಹತ್ತಿಯ ಟೊಪ್ಪಿ ಇದ್ದರೆ ಸರಿಯಾಗಿ ನಿಲ್ಲುತ್ತದೆ.

ಜಿಎಸ್‌ಟಿ ನೋಂದಣಿ ಇರುವವರು ಒಂದು ವಿಷಯ ಗಮನಿಸಬೇಕು. ಬಟ್ಟೆ ಕೊಳ್ಳುವಾಗ 5 ಶೇಕಡಾ ತೆರಿಗೆ. ಆದರೆ 2025ರ ಸೆಪ್ಟೆಂಬರ್ 22ರಿಂದ 2,500 ರೂಪಾಯಿ ಮೀರಿದ ಸಿದ್ಧ ಉಡುಪಿಗೆ 18 ಶೇಕಡಾ. 15,000 ರೂಪಾಯಿಯ ಗೌನ್‌ಗೆ ಅದೇ 2,700 ಆಯಿತು. 'ಎಲ್ಲ ಸೇರಿ 15,000' ಎಂದು ಬಾಯಿಮಾತಲ್ಲಿ ಒಪ್ಪಿಕೊಂಡರೆ ಅದರೊಳಗಿನ ಸುಮಾರು 2,288 ರೂಪಾಯಿ ತೆರಿಗೆಗೆ ಹೋಗುತ್ತದೆ.

ಅಂಬ್ರೆಲಾ ಕಟ್ ಗೌನನ್ನು ಅಂಚು ಹೊಲಿಯುವ ಮೊದಲು ಒಂದು ದಿನ ನೇತುಹಾಕಬೇಕು, ಓರೆ ಕತ್ತರಿಸಿದ ಕಡೆ ಬಟ್ಟೆ ಕೆಳಗೆ ಇಳಿಯುತ್ತದೆ. ಕೆಲಸ ಮುಗಿದ ಮೇಲೆ ಮಾತ್ರ ಭಾರದ ಗೌನ್ ನೇತುಹಾಕಿ ಇಡುವುದು ಬೇಡ. ಮಳೆಗಾಲದಲ್ಲಿ ಪ್ಲಾಸ್ಟಿಕ್ ಕವರ್‌ನೊಳಗೆ ಬೂಷ್ಟು ಬರುತ್ತದೆ, ಒಗೆದ ಹತ್ತಿ ಬಟ್ಟೆಯಲ್ಲಿ ಸುತ್ತಿ ಕೊಡಿ. ಅತ್ತರ್ ನೇರವಾಗಿ ಸ್ಯಾಟಿನ್ ಮೇಲೆ ಹಚ್ಚಿದರೆ ಎಣ್ಣೆ ಕಲೆ ಉಳಿಯುತ್ತದೆ ಎಂದೂ ಹೇಳಿ. ಬಟ್ಟೆ ತರುವಾಗಲೇ ಅರ್ಧ ಮೀಟರ್ ಹೆಚ್ಚು ತಂದು, ಉಳಿದ ತುಂಡನ್ನು ಗೌನ್ ಜೊತೆಗೇ ಮಡಚಿ ಕೊಡಬೇಕು. ಮುಂದೆ ತಂಗಿಗೋ ಕುಟುಂಬದ ಬೇರೆ ಹುಡುಗಿಗೋ ಅಳತೆ ಬಿಡಿಸುವಾಗ ಅದೇ ಡೈ ಲಾಟ್‌ನ ಬಣ್ಣ ಅಂಗಡಿಯಲ್ಲಿ ಸಿಗುವುದು ಕಷ್ಟ.