ಬೆಲ್ಟು, ಪುಲ್ಲಿ ಮತ್ತು ಒಂದೂಕಾಲು ಇಂಚು

ಅಮೆರಿಕದಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಕಳಿಸಿದ ಪ್ರಶ್ನೆಯಿದು. ಅವನು ಅಕ್ಕರೆಯಿಂದ ಇಟ್ಟುಕೊಂಡಿರುವ 1966ರ ಷೆವರ್ಲೆ ಪಿಕಪ್ ಟ್ರಕ್ಕಿನಲ್ಲಿ ಹೊಸ ಬೆಲ್ಟು ಹಾಕಿದರೂ ಕೆಲವೇ ದಿನಗಳಲ್ಲಿ ಅದರ ಪಕ್ಕ ಸವೆದು, ಕಿಚಕಿಚ ಸದ್ದು ಮಾಡಿ, ಕೊನೆಗೊಮ್ಮೆ ಪುಲ್ಲಿಯಿಂದ ಹಾರಿಹೋಗುತ್ತದೆಯಂತೆ. "ಹಿಟ್ಟಿನ ಗಿರಣಿಯ ಬೆಲ್ಟು ತಾನಾಗಿಯೇ ಪುಲ್ಲಿಯ ಮಧ್ಯಕ್ಕೆ ಬರುತ್ತದೆಂದು ತರಗತಿಯಲ್ಲಿ ಹೇಳಿದ್ದಿರಿ. ಇದೇಕೆ ಬರುವುದಿಲ್ಲ ಮೇಷ್ಟ್ರೇ?" ಎಂದು ಕೇಳಿದ್ದಾನೆ. ಪ್ರಶ್ನೆ ಸಣ್ಣದು. ಆದರೆ ಉತ್ತರಕ್ಕಾಗಿ ಸುಮಾರು ಇನ್ನೂರು ವರ್ಷ ಹಿಂದಕ್ಕೆ ಹೋಗಬೇಕಾಗುತ್ತದೆ.

ಗಿರಣಿಯ ಬೆಲ್ಟನ್ನು ನಿಮ್ಮಲ್ಲಿ ಅನೇಕರು ಕಂಡಿರುತ್ತೀರಿ. ಅಂಗೈಯಗಲದ ಚಪ್ಪಟೆ ಪಟ್ಟಿ, ಎರಡು ತುದಿಗಳನ್ನು ಹೊಲಿದು ಸೇರಿಸಿದ ಗಂಟು ಪುಲ್ಲಿಯನ್ನು ದಾಟುವಾಗಲೆಲ್ಲ ಟಪ್ ಟಪ್ ಎನ್ನುವ ಸದ್ದು. ಆ ಪುಲ್ಲಿಯನ್ನು ಕೈಯಿಂದ ಸವರಿ ನೋಡಿದವರಿಗೆ ಮಾತ್ರ ಅದರ ಗುಟ್ಟು ತಿಳಿದಿರುತ್ತದೆ. ಅದು ಸಮತಟ್ಟಾಗಿರುವುದಿಲ್ಲ, ಆಮೆಯ ಬೆನ್ನಿನಂತೆ ನಡುವೆ ತುಸು ಉಬ್ಬಿರುತ್ತದೆ. ಬೆಲ್ಟು ಒಂದು ಪಕ್ಕಕ್ಕೆ ಸರಿದರೆ, ಉಬ್ಬಿನ ಕಡೆಗಿರುವ ಅದರ ಅಂಚು ಹೆಚ್ಚು ಬಿಗಿಯುತ್ತದೆ, ಪಟ್ಟಿ ಆ ಕಡೆಗೆ ಓರೆಯಾಗಿ ಬಾಗುತ್ತದೆ. ಹಾಗೆ ಬಾಗಿದ್ದರಿಂದ ಹಿಂದಿನಿಂದ ಬರುವ ಭಾಗವು ಉಬ್ಬಿಗೆ ಇನ್ನಷ್ಟು ಸಮೀಪದಲ್ಲಿ ಬಂದು ಕೂರುತ್ತದೆ. ಕೆಲವು ಸುತ್ತುಗಳಲ್ಲಿ ಬೆಲ್ಟು ಪುನಃ ಮಧ್ಯಕ್ಕೆ ಬಂದಿರುತ್ತದೆ. ಜಾರುವ ವಸ್ತು ಇಳಿಜಾರಿನಲ್ಲಿ ಕೆಳಕ್ಕೆ ಹೋಗಬೇಕಲ್ಲವೇ, ಇದು ಮೇಲಕ್ಕೆ ಏರುತ್ತದಲ್ಲ ಎಂದು ಪ್ರತಿವರ್ಷವೂ ಯಾರಾದರೊಬ್ಬ ಹುಡುಗ ವಾದಿಸುತ್ತಿದ್ದುದುಂಟು.

ಅಮೆರಿಕದ ಲೋವೆಲ್ ನಗರದ ಹತ್ತಿಗಿರಣಿಯಲ್ಲಿ 1828ರಲ್ಲಿ ಪಾಲ್ ಮೂಡಿ ಎಂಬ ಕುಶಲಕರ್ಮಿ ಭಾರವಾದ ಹಲ್ಲುಚಕ್ರಗಳ ಬದಲು ಚರ್ಮದ ಬೆಲ್ಟುಗಳಿಂದ ಶಕ್ತಿಯನ್ನು ಸಾಗಿಸಿದನು. ಸದ್ದು ಕಡಿಮೆ, ರಿಪೇರಿ ಸುಲಭ. ದಂಡಗಳು ತುಸು ಹೆಚ್ಚುಕಡಿಮೆ ಸಾಲು ತಪ್ಪಿದ್ದರೂ ಚಪ್ಪಟೆ ಬೆಲ್ಟು ಸೈರಿಸಿಕೊಳ್ಳುತ್ತಿತ್ತು. ಆ ಶತಮಾನದ ಕಾರ್ಖಾನೆಗಳು ಈ ಸೈರಣೆಯ ಮೇಲೆಯೇ ನಡೆದವೆಂದರೆ ಅತಿಶಯೋಕ್ತಿಯಾಗಲಾರದು.

ಮೋಟಾರು ವಾಹನಕ್ಕೆ ಮೊದಲು ಬಂದದ್ದೂ ಇದೇ ಚಪ್ಪಟೆ ಬೆಲ್ಟು. ಫೋರ್ಡ್ ಕಂಪನಿಯು ತನ್ನ ಮಾಡೆಲ್ ಟಿ ಗಾಡಿಗೆ ಸಾಮಾನಿನ ತೊಟ್ಟಿಯನ್ನು ಕಾರ್ಖಾನೆಯಲ್ಲೇ ಜೋಡಿಸಿ 1925ರಲ್ಲಿ 281 ಡಾಲರಿಗೆ ಮಾರಿತು. ಪಿಕಪ್ ಎಂಬ ಹೆಸರು ಮನೆಮಾತಾದದ್ದು ಅಂತಹ ಗಾಡಿಗಳಿಂದ. ಅದರಲ್ಲಿ ಬೆಲ್ಟಿಗಿದ್ದ ಕೆಲಸ ಒಂದೇ, ಫ್ಯಾನು ತಿರುಗಿಸುವುದು. ಬಿಸಿನೀರು ತಾನಾಗಿ ಮೇಲೇರಿ ತಣ್ಣೀರು ಕೆಳಗಿಳಿಯುವ ತತ್ತ್ವದಿಂದಲೇ ಎಂಜಿನ್ ತಂಪಾಗುತ್ತಿದ್ದುದರಿಂದ ನೀರಿನ ಪಂಪು ಬೇಕಿರಲಿಲ್ಲ. ವಿದ್ಯುತ್ ಜನರೇಟರು ಹಲ್ಲುಚಕ್ರದಿಂದ ತಿರುಗುತ್ತಿತ್ತು. ಬೆಲ್ಟು ಹರಿದರೂ ರೈತನು ನಿಧಾನವಾಗಿ ಮನೆ ಸೇರಬಹುದಾಗಿತ್ತು.

ಇಷ್ಟರಲ್ಲಿ ಡೆನ್ವರ್ ನಗರದ ಗೇಟ್ಸ್ ಸೋದರರ ಕಂಪನಿಯಲ್ಲಿ ಜಾನ್ ಗೇಟ್ಸ್ 1917ರಲ್ಲಿ ರಬ್ಬರು ಮತ್ತು ನೂಲಿನ ವಿ-ಬೆಲ್ಟನ್ನು ರೂಪಿಸಿದ್ದನು. ಇದು ಪುಲ್ಲಿಯ ಮೇಲೆ ಕೂರುವುದಿಲ್ಲ. ಪುಲ್ಲಿಯಲ್ಲಿ ಕೊರೆದ ತೋಡಿನೊಳಗೆ ಬೆಣೆಯಂತೆ ಸಿಕ್ಕಿಕೊಳ್ಳುತ್ತದೆ. ಎಳೆತ ಹೆಚ್ಚಿದಷ್ಟೂ ಎರಡು ಪಕ್ಕಗಳು ತೋಡನ್ನು ಬಿಗಿಯಾಗಿ ಒತ್ತುತ್ತವೆ. ಆದುದರಿಂದಲೇ ಸಣ್ಣ ಪುಲ್ಲಿ, ಕಿರಿದಾದ ಜಾಗ, ಹೆಚ್ಚಿನ ಶಕ್ತಿ ಮೂರೂ ಒಟ್ಟಿಗೆ ಸಾಧ್ಯವಾದುವು. ಆದರೆ ಬೆಣೆಗೆ ಸರಿದಾಡುವ ಸ್ವಾತಂತ್ರ್ಯವಿಲ್ಲ. ತೋಡುಗಳು ಒಂದೇ ಸಾಲಿನಲ್ಲಿ ಇಲ್ಲದಿದ್ದರೆ ಅದು ಪ್ರತಿ ಸುತ್ತಿನಲ್ಲಿಯೂ ತೋಡಿನ ಗೋಡೆಗೆ ಉಜ್ಜಿಕೊಂಡೇ ಒಳಹೋಗಬೇಕು, ಉಜ್ಜಿಕೊಂಡೇ ಹೊರಬರಬೇಕು. ನನ್ನ ವಿದ್ಯಾರ್ಥಿಯ ಪ್ರಶ್ನೆಗೆ ಉತ್ತರವಿರುವುದು ಇಲ್ಲಿ.

1927ರ ಕೊನೆಯಲ್ಲಿ ಬಂದ ಫೋರ್ಡ್ ಮಾಡೆಲ್ ಎ ವಾಹನದಲ್ಲಿ ಒಂದೇ ವಿ-ಬೆಲ್ಟು ಫ್ಯಾನು, ನೀರಿನ ಪಂಪು, ಜನರೇಟರು ಮೂರನ್ನೂ ತಿರುಗಿಸಿತು. ಮುಂದೆ ಪವರ್ ಸ್ಟಿಯರಿಂಗ್ ಬಂದಿತು, ಹವಾನಿಯಂತ್ರಣ ಬಂದಿತು. ಎಂಜಿನಿನ ಮುಖದ ಮೇಲೆ ಒಂದರ ಮುಂದೊಂದು ಮೂರು ನಾಲ್ಕು ಬೆಲ್ಟುಗಳಾದುವು. ಬೆಲ್ಟನ್ನು ನೆಚ್ಚಿದ ಕೆಲಸಗಳು ಹೆಚ್ಚುತ್ತ ಹೋದಂತೆ, ತಪ್ಪನ್ನು ಸೈರಿಸುವ ಅದರ ಗುಣ ಕುಗ್ಗುತ್ತ ಹೋಯಿತು.

ಇನ್ನು ಆ ಒಂದೂಕಾಲು ಇಂಚು. ಷೆವರ್ಲೆಯ ಪ್ರಸಿದ್ಧವಾದ ಚಿಕ್ಕ ವಿ-8 ಎಂಜಿನ್ 1955ರಲ್ಲಿ ಬಂದದ್ದು. ಅದರ ನೀರಿನ ಪಂಪು ಗಿಡ್ಡದು, ಸುಮಾರು ಐದೂಮುಕ್ಕಾಲು ಇಂಚಿನದು. 1969ರಲ್ಲಿ ಕಾರುಗಳಿಂದ ಆರಂಭಿಸಿ ಕಂಪನಿಯು ಸುಮಾರು ಏಳು ಇಂಚಿನ ಉದ್ದ ಪಂಪನ್ನು ತಂದಿತು; ಆಲ್ಟರ್ನೇಟರಿನ ಸ್ಥಾನವೂ ಅದರ ಬ್ರಾಕೆಟ್ಟುಗಳೂ ಬದಲಾದುವು. ಎಂಜಿನಿನ ಮೈ ಮಾತ್ರ ಹಳೆಯದೇ. ಎರಡೂ ಪಂಪುಗಳು ಅದೇ ಬೋಲ್ಟುಗಳಿಗೆ ಸಲೀಸಾಗಿ ಕೂರುತ್ತವೆ. ಅನರ್ಥದ ಮೂಲವೇ ಇದು. ನಮ್ಮ ಹುಡುಗನ ಗಾಡಿಯಲ್ಲಿ ಹಿಂದಿನ ಮಾಲೀಕರ್ಯಾರೋ 1970ರ ದಶಕದ ಕಾರೊಂದರ ಎಂಜಿನ್ ಕೂರಿಸಿದ್ದಾರೆ. ಪಂಪು ಉದ್ದದ್ದು, ಕ್ರ್ಯಾಂಕಿನ ಪುಲ್ಲಿ ಹಳೆಯ ಗಿಡ್ಡ ಪಂಪಿನ ಕಾಲದ್ದು, ಬ್ರಾಕೆಟ್ಟಿಗೆ ಇನ್ನಾವ ಕಾಲವೋ. ಶಾಸನದಲ್ಲಿ ಮೂರು ಕಾಲದ ಲಿಪಿ ಬೆರೆತಂತಿದೆ ಎಂದು ಅವನಿಗೆ ಬರೆದೆ.

ಸರಿಪಡಿಸುವ ಕ್ರಮವನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. ಎಂಜಿನ್ ನಿಲ್ಲಿಸಿ, ಬ್ಯಾಟರಿಯ ಸಂಪರ್ಕ ತೆಗೆದಿಡಬೇಕು. ಕ್ರ್ಯಾಂಕಿನ ಪುಲ್ಲಿಯನ್ನು ಆಧಾರವಾಗಿಟ್ಟುಕೊಳ್ಳಬೇಕು. ಅದಕ್ಕೂ ಮೊದಲು ಅದರ ಹಿಂದಿನ ಕಂಪನ ತಡೆಯುವ ಚಕ್ರದ ರಬ್ಬರು ಹಳತಾಗಿ ಹೊರವರ್ತುಲ ಮುಂದಕ್ಕೆ ಜಾರಿಲ್ಲವೆಂದು ನೋಡಿಕೊಳ್ಳುವುದು ಅವಶ್ಯಕ, ಏಕೆಂದರೆ ಆಧಾರವೇ ಸರಿದಿದ್ದರೆ ಉಳಿದ ಅಳತೆಯೆಲ್ಲ ವ್ಯರ್ಥ. ಬಳಿಕ ನೇರವಾದ ಉಕ್ಕಿನ ಪಟ್ಟಿಯನ್ನಾಗಲಿ ಬಿಗಿಯಾಗಿ ಎಳೆದ ದಾರವನ್ನಾಗಲಿ ಹಿಡಿದು ಪ್ರತಿ ಪುಲ್ಲಿಯ ತೋಡಿನ ಮಧ್ಯಕ್ಕೆ ಅಳೆಯಬೇಕು. ಪುಲ್ಲಿಯ ಅಂಚಿಗಲ್ಲ, ಅಂಚಿನ ದಪ್ಪ ಪುಲ್ಲಿಯಿಂದ ಪುಲ್ಲಿಗೆ ಬೇರೆಯಾಗಿರುತ್ತದೆ. ವಿ-ಬೆಲ್ಟಿಗೆ ಒಂದು ಅಡಿ ಅಂತರಕ್ಕೆ ಇಂಚಿನ ಹತ್ತನೆಯ ಒಂದು ಭಾಗದವರೆಗೆ ವ್ಯತ್ಯಾಸ ಸಲ್ಲುತ್ತದೆ. ಒಂದೂಕಾಲು ಇಂಚನ್ನು ವಾಷರುಗಳಿಂದ ಸರಿದೂಗಿಸಲು ಹೊರಡುವುದು ಅವಿವೇಕ. ಅಲ್ಲಿ ಪಂಪು, ಪುಲ್ಲಿ, ಬ್ರಾಕೆಟ್ಟು ಮೂರೂ ಒಂದೇ ಕಾಲದವಾಗಿರಬೇಕು. ಉಳಿಯುವ ಸಣ್ಣ ವ್ಯತ್ಯಾಸಕ್ಕೆ ಆಲ್ಟರ್ನೇಟರಿನ ಬೋಲ್ಟಿನಲ್ಲಿ ಒಂದೆರಡು ವಾಷರು ಸಾಕು. ಪುಲ್ಲಿ ಮುಂದೆ ಹಿಂದೆ ಸರಿದಿಲ್ಲದೆ ಓರೆಯಾಗಿ ನಿಂತಿದ್ದರೆ ಬ್ರಾಕೆಟ್ಟು ಬಾಗಿದೆಯೆಂದೋ ಪಂಪಿನ ಬೇರಿಂಗು ಸವೆದಿದೆಯೆಂದೋ ತಿಳಿಯಬೇಕು. ಅದಕ್ಕೆ ವಾಷರು ಮದ್ದಲ್ಲ.

1979ರಲ್ಲಿ ಫೋರ್ಡ್ ಮಸ್ಟಾಂಗ್ ಕಾರಿನಲ್ಲಿ ಎಲ್ಲ ಬೆಲ್ಟುಗಳ ಬದಲು ಹಾವಿನಂತೆ ಸುತ್ತಿ ಹೋಗುವ, ಉದ್ದುದ್ದ ಗೆರೆಗಳುಳ್ಳ ಒಂದೇ ಅಗಲ ಬೆಲ್ಟು ಬಂದಿತು. ಕ್ರಮೇಣ ಪಿಕಪ್ಪುಗಳಿಗೂ ಹಬ್ಬಿತು. ಇದಕ್ಕೆ ಅಡಿಗೆ ಇಂಚಿನ ಹದಿನಾರನೆಯ ಒಂದು ಭಾಗಕ್ಕಿಂತ ಹೆಚ್ಚು ವ್ಯತ್ಯಾಸ ಸಲ್ಲದು. ಇದು ಕಿಚಕಿಚ ಎಂದರೆ ಗೆರೆಗಳ ಮೇಲೆ ಸ್ವಲ್ಪ ನೀರು ಚಿಮುಕಿಸಿ ಕೇಳಬೇಕು. ಸದ್ದು ಕ್ಷಣಕಾಲ ಅಡಗಿ ಮರಳಿದರೆ ಸಾಲು ತಪ್ಪಿದೆ. ಒಡನೆಯೇ ಜೋರಾದರೆ ಬಿಗಿ ಸಾಲದೆ ಜಾರುತ್ತಿದೆ. ಕೈಯನ್ನೂ ಬಟ್ಟೆಯನ್ನೂ ದೂರವಿಟ್ಟುಕೊಂಡು ಮಾಡಬೇಕಾದ ಪರೀಕ್ಷೆ ಇದು.

ಹಳೆಯ ಗಾಡಿಗೆ ಈ ಹೊಸ ಏರ್ಪಾಡನ್ನೇ ಕೂರಿಸಿಬಿಡಲೇ ಎಂದು ಅವನು ಈಗ ಕೇಳುತ್ತಿದ್ದಾನೆ. ಕೂರಿಸಬಹುದು. ಆದರೆ ಈ ಬೆಲ್ಟು ಎಷ್ಟೋ ಎಂಜಿನುಗಳಲ್ಲಿ ತನ್ನ ಬೆನ್ನಿನಿಂದ ಪಂಪನ್ನು ಉಜ್ಜಿ ಹಿಮ್ಮುಖವಾಗಿ ತಿರುಗಿಸುತ್ತದೆ. ಹಳೆಯ ಪಂಪನ್ನೇ ಉಳಿಸಿಕೊಂಡರೆ ಪುಲ್ಲಿಗಳೆಲ್ಲ ನೂಲು ಹಿಡಿದಂತೆ ಸಾಲಾಗಿದ್ದರೂ ನೀರು ಸರಿಯಾಗಿ ಹರಿಯದೆ ಎಂಜಿನ್ ಕಾಯುತ್ತದೆ. ಹಿಮ್ಮುಖ ಪಂಪನ್ನು ಕೇಳಿ ತರಿಸಿಕೊಂಡ ಮೇಲೆಯೇ ಸ್ಪ್ಯಾನರು ಹಿಡಿಯೆಂದು ಬರೆದಿದ್ದೇನೆ.