‘ಆಲ್ಕೆಮಿ’ ಎಂಬ ಪದವೂ ಕಾರೂನನ ಚಿನ್ನವೂ

ನಮ್ಮ ಮಕ್ಕಳು ಶಾಲೆಯ ಪಾಠಗಳಲ್ಲಿ ‘ಆಲ್ಕೆಮಿ’ ಎಂಬ ಇಂಗ್ಲಿಷ್ ಪದವನ್ನು ಕಾಣುವುದು ಬಹುತೇಕ ತಮಾಷೆಯ ಧಾಟಿಯಲ್ಲಿ. ಸೀಸವನ್ನೂ ತಾಮ್ರವನ್ನೂ ಚಿನ್ನವಾಗಿಸಲು ಹೊರಟ ಹಳೆಯ ಕಾಲದ ಮರುಳರ ವಿದ್ಯೆ ಎಂದು ಎರಡು ಮಾತಿನಲ್ಲಿ ಅದನ್ನು ಮುಗಿಸಿ ಪಾಠವು ರಸಾಯನಶಾಸ್ತ್ರದ ಕಡೆಗೆ ಸಾಗುತ್ತದೆ. ಆದರೆ ಮದ್ರಸದಲ್ಲಿ ಅಲ್-ಫಾತಿಹಾ, ಅಲ್-ಬಕರಾ ಎಂದು ಓದಿ ಬಂದ ಮಗುವಿಗೆ ಆ ಪದದ ಮೊದಲಲ್ಲಿರುವ ‘ಅಲ್’ ಪರಿಚಿತವೆನಿಸಿದರೆ ಅದರಲ್ಲಿ ತಪ್ಪಿಲ್ಲ. ಅದು ಅರಬಿಯ ‘ಅಲ್-ಕೀಮಿಯಾ’ ಎಂಬ ಪದವೇ ಆಗಿದೆ.

ಅರಬರಿಗೆ ಈ ಪದ ಬಂದುದು ಗ್ರೀಕ್ ಮೂಲದಿಂದ. ಅದರ ಹಿಂದಿನ ಬೇರಿನ ಬಗ್ಗೆ ಎರಡು ಅಭಿಪ್ರಾಯಗಳಿವೆ. ಕರಗಿದ ಲೋಹವನ್ನು ಎರಕ ಹೊಯ್ಯುವುದು ಎಂಬ ಅರ್ಥದ ಗ್ರೀಕ್ ಮಾತು ಎನ್ನುವುದು ಒಂದು. ಪ್ರಾಚೀನ ಈಜಿಪ್ಟಿನ ಜನ ತಮ್ಮ ದೇಶವನ್ನು ಕರೆದ ‘ಕೆಮೆತ್’, ಅಂದರೆ ‘ಕಪ್ಪು ನೆಲ’ ಎಂಬ ಹೆಸರು ಎನ್ನುವುದು ಇನ್ನೊಂದು. ರಾಣೆಬೆನ್ನೂರಿನ ಎರೆಹೊಲಗಳಲ್ಲಿ ಹತ್ತಿ ಬಿಡಿಸಿದವರಿಗೆ ಮಣ್ಣಿನ ಬಣ್ಣದಿಂದ ನಾಡಿಗೆ ಹೆಸರು ಬರುವುದು ವಿಚಿತ್ರವೆನಿಸದು. ಕರ್ನಾಟಕ ಎಂಬ ಹೆಸರನ್ನೂ ‘ಕರಿಯ ಮಣ್ಣಿನ ನಾಡು’ ಎಂದು ಬಿಡಿಸುವ ವಿದ್ವಾಂಸರಿದ್ದಾರೆ. (ಆ ಹತ್ತಿಗೆ ಇಂಗ್ಲಿಷಿನಲ್ಲಿರುವ ‘ಕಾಟನ್’ ಎಂಬ ಹೆಸರೂ ಅರಬಿಯ ‘ಕುತ್ನ್’ನಿಂದ ಹೋದುದೇ. ಆ ಕಥೆ ಇನ್ನೊಮ್ಮೆ ಆಗಲಿ.)

ಅರಬಿ ಭಾಷೆಯಲ್ಲಿ ಈ ವಿದ್ಯೆ ಬರೀ ಚಿನ್ನದ ಹುಚ್ಚಾಗಿ ಉಳಿಯಲಿಲ್ಲ. ಜಾಬಿರ್ ಇಬ್ನು ಹಯ್ಯಾನ್‌ರ ಹೆಸರಿನಲ್ಲಿ ನೂರಾರು ಕೃತಿಗಳು ಪ್ರಚಲಿತವಾಗಿದ್ದವು; ಅವುಗಳಲ್ಲಿ ಎಷ್ಟು ಅವರವೇ ಎಂಬ ಚರ್ಚೆ ಇಂದಿಗೂ ಮುಗಿದಿಲ್ಲ. 925ರ ಸುಮಾರಿಗೆ ನಿಧನರಾದ ವೈದ್ಯ ಅಬೂಬಕರ್ ಅರ್-ರಾಝಿ ಕುಲುಮೆ, ಮೂಸೆ, ಭಟ್ಟಿ ಇಳಿಸುವ ಪಾತ್ರೆಗಳನ್ನು ವಿವರಿಸಿ, ವಸ್ತುಗಳನ್ನು ಖನಿಜ, ಸಸ್ಯ, ಪ್ರಾಣಿಜನ್ಯ ಎಂದು ವಿಂಗಡಿಸಿದರು. ಇಂಗ್ಲಿಷಿನ ಆಲ್ಕಲಿ, ಆಲ್ಕೊಹಾಲ್, ಅಲೆಂಬಿಕ್ ಎಂಬ ಪದಗಳು ಬಂದಿದ್ದು ಅರಬಿಯ ಮೂಲಕವೇ. ಅಲೆಂಬಿಕ್ ಎಂದರೆ ‘ಅಲ್-ಅಂಬೀಕ್’, ಭಟ್ಟಿಪಾತ್ರೆ. ಇಂದು ಬ್ಯಾಡಗಿಯ ಮೆಣಸಿನಕಾಯಿಯಿಂದ ಕೆಂಪು ಬಣ್ಣದ ಸತ್ವವನ್ನು ತೆಗೆಯುವಾಗ, ಬಳಸಿದ ದ್ರಾವಕವನ್ನು ಕಾಯಿಸಿ, ಆವಿಯಾಗಿಸಿ, ತಣಿಸಿ ಮರಳಿ ಪಡೆಯುತ್ತಾರೆ. ಅದು ಆ ಅಂಬೀಕಿನ ಕೆಲಸವೇ. ಅಲ್ಲಿ ಕಾಯಿ ಇನ್ನೊಂದು ವಸ್ತುವಾಗಿ ಮಾರ್ಪಡುವುದಿಲ್ಲ. ಸೃಷ್ಟಿಕರ್ತನು ಅದರೊಳಗೆ ಇಟ್ಟಿರುವ ಬಣ್ಣ ಹೊರಬರುತ್ತದೆ, ಅಷ್ಟೇ.

1144ರಲ್ಲಿ ರಾಬರ್ಟ್ ಆಫ್ ಚೆಸ್ಟರ್ ಎಂಬ ಇಂಗ್ಲೆಂಡಿನ ವಿದ್ವಾಂಸನು ಅರಬಿಯಿಂದ ಲ್ಯಾಟಿನ್ ಭಾಷೆಗೆ ಈ ವಿದ್ಯೆಯ ಗ್ರಂಥವೊಂದನ್ನು ಅನುವಾದಿಸಿದನು. ಆಲ್ಕೆಮಿ ಎಂದರೇನೆಂದು ಲ್ಯಾಟಿನ್ ಜಗತ್ತಿಗೆ ಇನ್ನೂ ತಿಳಿದಿಲ್ಲ ಎಂದು ಅದರ ಮುನ್ನುಡಿ ಹೇಳುತ್ತದೆ. ಅದೇ ಶತಮಾನದಲ್ಲಿ, ಇಂದಿನ ರಾಣೆಬೆನ್ನೂರು ತಾಲ್ಲೂಕಿನ ಚೌಡದಾನಪುರದ ತುಂಗಭದ್ರೆಯ ದಡದಲ್ಲಿ ಅಂಬಿಗರ ಚೌಡಯ್ಯನವರಿದ್ದರು. ಕಬ್ಬಿಣವನ್ನು ಹೊನ್ನಾಗಿಸುವ ಪರುಷದ ರೂಪಕವು ಆ ಕಾಲದ ವಚನಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಕನ್ನಡಕ್ಕೆ ಈ ವಿದ್ಯೆಯ ಹೆಸರನ್ನು ಸಾಲ ತರಬೇಕಾಗಲಿಲ್ಲ; ಪಾದರಸದಿಂದ ಹುಟ್ಟಿದ ‘ರಸವಾದ’ ಎಂಬ ಪದ ನಮ್ಮಲ್ಲೇ ಇತ್ತು.

ಇಂಗ್ಲಿಷಿನಲ್ಲಿ ಪದದ ಪಾಡು ಬೇರೆಯಾಯಿತು. ಹದಿನಾಲ್ಕನೆಯ ಶತಮಾನದ ಕೊನೆಯ ಭಾಗದಲ್ಲಿ ಕವಿ ಚಾಸರ್ ಬರೆದ ಕಥೆಯೊಂದರಲ್ಲಿ ವಂಚಕನೊಬ್ಬನು ಇದ್ದಿಲಿನ ತುಂಡನ್ನು ಕೊರೆದು, ಬೆಳ್ಳಿಯ ಪುಡಿ ತುಂಬಿ, ಮೇಣದಿಂದ ಮುಚ್ಚಿ ಪಾದ್ರಿಯೊಬ್ಬನನ್ನು ಮೋಸಗೊಳಿಸುತ್ತಾನೆ. 1404ರಲ್ಲಿ ಇಂಗ್ಲೆಂಡ್ ಚಿನ್ನ ಬೆಳ್ಳಿಗಳನ್ನು ‘ಹೆಚ್ಚಿಸುವ’ ವಿದ್ಯೆಯನ್ನೇ ಅಪರಾಧವೆಂದು ಸಾರಿತು. 1689ರವರೆಗೂ ಆ ಕಾನೂನು ಇತ್ತು. ಚಿನ್ನದಂತೆ ಹೊಳೆಯುವ ಅಗ್ಗದ ಮಿಶ್ರಲೋಹಕ್ಕೂ ಅಲ್ಲಿ ‘ಆಲ್ಕೆಮಿ’ ಎಂದೇ ಹೆಸರಾಯಿತು. ಮುಂದೆ ಯುರೋಪಿನ ವಿದ್ವಾಂಸರು ‘ಅಲ್’ ಅನ್ನು ಕಳಚಿ ಹಾಕಿದರು. ಹಾಗೆ ಉಳಿದ ಭಾಗ ‘ಕೆಮಿಸ್ಟ್ರಿ’ ಎಂಬ ಗೌರವದ ಹೆಸರಾಯಿತು, ‘ಅಲ್’ ಇರುವ ರೂಪಕ್ಕೆ ಮೌಢ್ಯದ ಪಟ್ಟ ಬಂತು. ಅರಬಿಯಲ್ಲಿ ಮಾತ್ರ ಇಂದಿಗೂ ಶಾಲೆಯ ರಸಾಯನಶಾಸ್ತ್ರದ ಹೆಸರು ‘ಅಲ್-ಕೀಮಿಯಾ’ ಎಂದೇ ಇದೆ.

ಇದನ್ನು ಕೇಳಿ ನಾವು ಎದೆಯುಬ್ಬಿಸಿ ಸುಮ್ಮನಾದರೆ ಚರಿತ್ರೆಯ ಅರ್ಧವನ್ನಷ್ಟೇ ಓದಿದಂತಾಗುತ್ತದೆ. ಚಿನ್ನ ಮಾಡುವ ಹಂಬಲವನ್ನು ಯುರೋಪಿಗಿಂತ ಮುಂಚೆಯೇ ಕಟುವಾಗಿ ಪ್ರಶ್ನಿಸಿದವರಲ್ಲಿ ಮುಸ್ಲಿಮ್ ವಿದ್ವಾಂಸರಿದ್ದರು. ಅಲ್-ಕಿಂದಿ ಅದರ ವಿರುದ್ಧ ಬರೆದರು. ರಾಝಿ ಅವರಿಗೆ ಖಂಡನೆ ಬರೆದರು. ಲೋಹದ ಜಾತಿಯನ್ನು ಬದಲಿಸಲಾಗದು, ಬಣ್ಣವನ್ನಷ್ಟೇ ಅನುಕರಿಸಬಹುದು ಎಂದರು ಇಬ್ನು ಸೀನಾ. ಇಬ್ನು ಖಲ್ದೂನ್ ತಮ್ಮ ‘ಮುಕದ್ದಿಮಾ’ದಲ್ಲಿ ಈ ವಿದ್ಯೆಯನ್ನು ಅಲ್ಲಗಳೆಯುತ್ತಾ ಒಂದು ಚುರುಕಾದ ಮಾತು ಸೇರಿಸುತ್ತಾರೆ: ಅದನ್ನು ನಿರಾಕರಿಸಿದ ಇಬ್ನು ಸೀನಾ ಮಂತ್ರಿಯಾಗಿದ್ದ ಸಿರಿವಂತರು, ಸಾಧ್ಯವೆಂದ ಫಾರಾಬಿ ಹೊತ್ತಿನ ಊಟಕ್ಕೂ ಕಷ್ಟಪಟ್ಟ ಬಡವರು.

ಎಲ್ಲಕ್ಕಿಂತ ನಮ್ಮ ಮನಸ್ಸನ್ನು ತಟ್ಟುವುದು ಕಾರೂನನ ಪ್ರಸಂಗ. ಅವನ ಖಜಾನೆಯ ಕೀಲಿಕೈಗಳನ್ನು ಹೊರುವುದೇ ಬಲಶಾಲಿಗಳ ಗುಂಪಿಗೆ ಭಾರವಾಗಿತ್ತೆಂದೂ, ಈ ಸಂಪತ್ತು ತನ್ನ ಜ್ಞಾನದಿಂದ ಬಂದುದೆಂದು ಅವನು ಬೀಗಿದನೆಂದೂ, ಕೊನೆಗೆ ಮನೆಯ ಸಮೇತ ಭೂಮಿಯೊಳಗೆ ಹೂತುಹೋದನೆಂದೂ ಸೂರಃ ಅಲ್-ಕಸಸ್ ತಿಳಿಸುತ್ತದೆ. ಯಾವ ಜ್ಞಾನ? ಕೀಮಿಯಾ ಎಂದು ಕೆಲವರು ವ್ಯಾಖ್ಯಾನಿಸಿದರು. ಇಮಾಮ್ ಇಬ್ನು ಕಸೀರ್(ರ) ಅದನ್ನು ದುರ್ಬಲ ಮಾತೆಂದು ತಳ್ಳಿಹಾಕುತ್ತಾರೆ. ವಸ್ತುವಿನ ಮೂಲ ಸ್ವರೂಪವನ್ನು ಬದಲಿಸುವ ಶಕ್ತಿ ಅಲ್ಲಾಹನಿಗೆ ಮಾತ್ರ. ಹೊರಗಿನ ಬಣ್ಣ ಬದಲಿಸಿ ಚಿನ್ನವೆಂದು ಮಾರುವುದು ಮೋಸ ಎಂಬುದು ಅವರ ನಿಲುವು. ಹೊಲದಲ್ಲಿ ಸಿಕ್ಕ ಹಳೆಯ ಬಂಗಾರದ ನಾಣ್ಯವೆಂದು ನಂಬಿಸಿ ನಕಲಿ ನಾಣ್ಯ ಮಾರಿದವರ ಸುದ್ದಿ ನಮ್ಮ ಭಾಗದ ಪತ್ರಿಕೆಗಳಲ್ಲಿ ಆಗಾಗ ಬರುತ್ತಿರುವಾಗ ಈ ವ್ಯಾಖ್ಯಾನ ಹಳತೆನಿಸುವುದಿಲ್ಲ. ಮಗಳ ಮದುವೆಗೆಂದು ಕೂಡಿಟ್ಟ ಹಣವೇ ಇಂಥ ಕೈಗಳಿಗೆ ಹೋಗುವುದುಂಟು.

ಇನ್ನೊಂದು ಬಳಕೆಯನ್ನು ಹೇಳದೆ ಈ ಪದದ ಚರಿತ್ರೆ ಪೂರ್ಣವಾಗದು. 1095ರಲ್ಲಿ ಬಗ್ದಾದಿನ ನಿಝಾಮಿಯಾದ ಉನ್ನತ ಹುದ್ದೆಯನ್ನು ತೊರೆದು ಹೊರಟ ಇಮಾಮ್ ಗಝಾಲಿ(ರ), ಮುಂದೆ ಜನಸಾಮಾನ್ಯರಿಗಾಗಿ ಫಾರಸಿಯಲ್ಲಿ ಬರೆದ ಕೃತಿಗೆ ‘ಕೀಮಿಯಾಯೆ ಸಆದತ್’, ಅಂದರೆ ‘ಸೌಭಾಗ್ಯದ ರಸವಿದ್ಯೆ’ ಎಂದು ಹೆಸರಿಟ್ಟರು. ಅವರ ಕುಲುಮೆಯಲ್ಲಿ ಕರಗಬೇಕಾದುದು ಮನುಷ್ಯನ ಒರಟು ಸ್ವಭಾವ. ಇಂದು ಇಂಗ್ಲಿಷ್ ನಿಘಂಟುಗಳು ‘ಆಲ್ಕೆಮಿ’ಗೆ ಎರಡನೆಯ ಅರ್ಥವಾಗಿ ಸಾಧಾರಣವಾದುದನ್ನು ಅಮೂಲ್ಯವಾಗಿ ಮಾರ್ಪಡಿಸುವ ಬಗೆ ಎಂಬುದನ್ನು ಕೊಡುತ್ತವೆ. ಒಂಬೈನೂರು ವರ್ಷಗಳ ಹಿಂದೆ ಗಝಾಲಿಯವರು ಆ ಪದವನ್ನು ಬಳಸಿದ್ದು ಇದೇ ಅರ್ಥದಲ್ಲಿ. ಅವರ ಗ್ರಂಥದ ಭಾಗಗಳು 1873ರಲ್ಲಿ ಅಮೆರಿಕದ ಹೋಮ್ಸ್ ಎಂಬವರಿಂದ, 1910ರಲ್ಲಿ ಕ್ಲಾಡ್ ಫೀಲ್ಡ್ ಅವರಿಂದ ಇಂಗ್ಲಿಷಿಗೆ ಬಂದವು. ಇಬ್ಬರೂ ಹೊದಿಕೆಯ ಮೇಲೆ ‘ಆಲ್ಕೆಮಿ’ ಎಂದೇ ಬರೆದರು, ‘ಅಲ್’ ಸಮೇತವಾಗಿ.